ಡ್ರಾಗನ್ ಉಗುಳಿದ ಬೆಂಕಿಗೆ ಕಲ್ಲಿನ ಕೋಟೆ ಕರಗುತ್ತಾ?

ಮಸಿಕುಡಿಕೆ:
ಒಂದು ಫ್ಯಾಂಟಸಿ ಕಥೆ ಬರೆಯುತ್ತಿದ್ದೇನೆ. ಅದರಲ್ಲಿ ಡ್ರಾಗನ್ ಒಂದೇ ಉಸಿರಿಗೆ ಕೋಟೆಯನ್ನು ಬೆಲ್ಲದ ಹಾಗೆ ಕರಗಿಸಿಬಿಡುತ್ತದೆ. ಚಿತ್ರದುರ್ಗದ ಥರ ಗ್ರಾನೈಟ್ ಗೋಡೆ ಅಂದುಕೊಳ್ಳಿ. ಓದಿದ ಗೆಳೆಯ "ಕಲ್ಲು ಹಾಗೆಲ್ಲ ಕರಗಲ್ಲ ಮಾರಾಯ" ಎಂದು ನಕ್ಕ. ಡ್ರಾಗನ್ನನ್ನೇ ಒಪ್ಪಿಕೊಂಡವನಿಗೆ ಕಲ್ಲು ಕರಗುವುದು ಮಾತ್ರ ಯಾಕೆ ಗಂಟಲಿಗೆ ಸಿಕ್ಕಿತೋ! ನಿಜವಾಗಿ ಏನಾಗುತ್ತದೆ?

ಹಾಸುಬಂಡೆ:
ಗೆಳೆಯ ಹೇಳಿದ್ದು ಸರಿ. ಗ್ರಾನೈಟ್ ಕರಗಲು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಬೇಕು, ಅದೂ ತುಂಬಾ ಹೊತ್ತು. ಆದರೆ ಸೀಳುತ್ತದೆ. ಚಿಕ್ಕವನಿದ್ದಾಗ ನಮ್ಮೂರ ಬಂಡೆ ಮೇಲೆ ಕಣ್ಣಾರೆ ನೋಡಿದ್ದೇನೆ. ಕಲ್ಲು ಒಡೆಯುವವರು ಸೌದೆ ಸಾಲಾಗಿ ಜೋಡಿಸಿ ಬೆಂಕಿ ಹಾಕಿ, ಅದನ್ನು ಮೆಲ್ಲಗೆ ಮುಂದೆ ಮುಂದೆ ತಳ್ಳಿಕೊಂಡು ಹೋಗುತ್ತಿದ್ದರು, ಒಬ್ಬ ಅಜ್ಜ ಮಾತ್ರ ಪಕ್ಕದಲ್ಲಿ ಕೂತು ಸುತ್ತಿಗೆಯಲ್ಲಿ ಟಕ್ ಟಕ್ ಬಡಿದು ಕಿವಿಗೊಡುತ್ತಿದ್ದ. ಗಟ್ಟಿ ಸದ್ದು ಬಂದರೆ ಇನ್ನೂ ಅಂಟಿಕೊಂಡಿದೆ, ಟೊಳ್ಳು ಸದ್ದು ಬಂದರೆ ಚಪ್ಪಡಿ ಬಿಟ್ಟಿದೆ. ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ಅಷ್ಟೇ ಗುಟ್ಟು. ಗ್ರಾನೈಟಿನೊಳಗಿನ ಬೆಣಚು (ಕ್ವಾರ್ಟ್ಜ್) ಬೇರೆ 573 ಡಿಗ್ರಿಗೆ ಒಮ್ಮೆಲೇ ಉಬ್ಬುತ್ತದೆ. ಅಷ್ಟು ಬಿಸಿ ಸೌದೆ ಬೆಂಕಿಯಲ್ಲೇ ಸಿಗುತ್ತದೆ. ನಿಮ್ಮ ಗೋಡೆ ಸೋರಬಾರದು, ಪಟಪಟ ಸಿಡಿದು ಚಕ್ಕೆ ಚಕ್ಕೆಯಾಗಿ ಕಾವಲುಗಾರರ ಮುಖಕ್ಕೆ ಬಡಿಯಬೇಕು.

ಕೆಂಡಸಂಪಿಗೆ:
ಕರಗುವುದೇ ಇಲ್ಲ ಅನ್ನಬೇಡಿ! ಸ್ಕಾಟ್ಲೆಂಡ್‌ನಲ್ಲಿ ಗೋಡೆಯ ಕಲ್ಲು ಕರಗಿ ಗಾಜಿನಂತೆ ಅಂಟಿಕೊಂಡ ಹಳೇ ಕೋಟೆಗಳಿವೆ. ಗೋಡೆಯ ಒಳಗೆ ಮರದ ತೊಲೆ ಇಟ್ಟು ಕಟ್ಟಿದ್ದರು. ಅವು ಹೊತ್ತಿಕೊಂಡರೆ ಗೋಡೆಯೇ ಒಲೆ. 1937ರಲ್ಲಿ ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ಮತ್ತು ಜೊತೆಗಾರರೊಬ್ಬರು ಅಂಥದ್ದೇ ಗೋಡೆ ಕಟ್ಟಿ, ಸುಟ್ಟು, ಕಲ್ಲು ಕರಗಿಸಿ ತೋರಿಸಿದರು. ಡ್ರಾಗನ್ ಸುಮ್ನೆ ಕಡ್ಡಿ ಗೀರಿದರೆ ಸಾಕು.

ಊದುಬತ್ತಿ:
ಕಲ್ಲು ಬಿಡಿ, ನನ್ನ ತಕರಾರು ಬೇರೆ. ಈ ಕಥೆಗಳಲ್ಲಿ ಬೆಂಕಿ ಸಾಕಿದ ನಾಯಿ ಥರ ಹೇಳಿದ ಕಡೆ ಹೋಗಿ, ಹೇಳಿದಾಗ ಆರುತ್ತದೆ. ಎರಡನೇ ಮಹಾಯುದ್ಧದಲ್ಲಿ, 1943ರ ಜುಲೈನಲ್ಲಿ, ಜರ್ಮನಿಯ ಹ್ಯಾಂಬರ್ಗ್ ಮೇಲೆ ಬಾಂಬು ಹಾಕಿದಾಗ ಬೆಂಕಿ ತನ್ನದೇ ಬಿರುಗಾಳಿ ಎಬ್ಬಿಸಿತು. ಬಿಸಿಗಾಳಿ ಮೇಲೇರಿದಂತೆ ಸುತ್ತಲಿನ ಗಾಳಿ ಒಳಗೆ ನುಗ್ಗಿ ಮರಗಳನ್ನೇ ಕಿತ್ತಿತು. ರಸ್ತೆಯ ಡಾಂಬರು ಕರಗಿ ಓಡುವವರ ಕಾಲು ಅಂಟಿಕೊಂಡಿತು. ಆ ದಾಳಿಗಳಲ್ಲಿ ಸತ್ತವರು 30,000ಕ್ಕೂ ಜಾಸ್ತಿ. ಸುಟ್ಟದ್ದಕ್ಕಿಂತ ನೆಲಮಾಳಿಗೆಯಲ್ಲಿ ವಿಷಗಾಳಿಗೆ ಉಸಿರುಕಟ್ಟಿದವರೇ ಹೆಚ್ಚು. ನಮ್ಮ ಖಾಂಡವ ದಹನದಲ್ಲಿ ಕೂಡ ಸಾಕ್ಷಾತ್ ಅಗ್ನಿಗೇ ಕಾವಲಿಗೆ ಕೃಷ್ಣಾರ್ಜುನರು ಬೇಕಾಯಿತು, ಅಲ್ವಾ? ಅದೂ ಬೆಂಕಿಯನ್ನು ಹಿಡಿತದಲ್ಲಿಡಲು ಅಲ್ಲ, ಇಂದ್ರನ ಮಳೆ ತಡೆಯಲು ಮತ್ತು ಪ್ರಾಣಿಗಳು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳಲು. ಓದುವಾಗಲೆಲ್ಲ ಹೊಟ್ಟೆ ತೊಳಸುತ್ತದೆ.

ಮಸಿಕುಡಿಕೆ:
ಅಯ್ಯೋ, ನಾನು ಇಡೀ ಊರನ್ನು ಎರಡು ಸಾಲಿನಲ್ಲಿ ಸುಟ್ಟು ಮುಂದಿನ ಅಧ್ಯಾಯಕ್ಕೆ ಹಾರಿದ್ದೆ. ತಿದ್ದುತ್ತೇನೆ. ಒಂದೇ ಡೌಟು: ಅಂಥ ಬೆಂಕಿಯ ಮೇಲೆ ಹಾರುತ್ತಿರುವ ಡ್ರಾಗನ್ ಗತಿ?

ಊದುಬತ್ತಿ:
1945ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಟೋಕಿಯೊ ಉರಿಯುವಾಗ ಮೇಲಿದ್ದ ಅಮೆರಿಕದ ಭಾರೀ ಬಿ-29 ಬಾಂಬರ್ ವಿಮಾನಗಳನ್ನೇ ಬಿಸಿಗಾಳಿ ಸಾವಿರಾರು ಅಡಿ ಮೇಲಕ್ಕೆ ಎಸೆದಿತ್ತು. ನಿಮ್ಮ ಡ್ರಾಗನ್ ತೂಕ ಎಷ್ಟು?