ಯಾವ ಐಕಾನ್ ಒತ್ತಿದರೂ ಪಿಡಿಎಫ್ ರೀಡರ್ರೇ ಬರುತ್ತಿದೆ

ಪ್ರಶ್ನೆ (ಆಳಂದ): ಅಣ್ಣಾರೆ, ನಮ್ಮದು ಆನ್‌ಲೈನ್ ಸೆಂಟರ್. ಪಹಣಿ, ಜಾತಿ-ಆದಾಯ, ತೊಗರಿ ಬೆಳೆವಿಮೆ, ಎಲ್ಲಾ ಒಂದೇ ಕಂಪ್ಯೂಟರ್‌ನಲ್ಲಿ. ವಿಂಡೋಸ್ 10. ನಿನ್ನೆಯಿಂದ ಡೆಸ್ಕ್‌ಟಾಪ್ ಐಕಾನ್‌ಗಳೆಲ್ಲ ಒಂದೇ ತರ ಆಗಿವೆ. ಕ್ರೋಮ್ ಒತ್ತಿದರೂ ಪಿಡಿಎಫ್ ರೀಡರ್, ವರ್ಡ್ ಒತ್ತಿದರೂ ಅದೇ. ರಿಪೇರಿಯವರು ವೈರಸ್ ಇದೆ, ಫಾರ್ಮ್ಯಾಟ್ ಹೊಡೀಬೇಕು ಅಂದರು. ಗಿರಾಕಿಗಳ ಫೈಲ್ ಎಲ್ಲಾ ಅದರಲ್ಲೇ ಇವೆ.

ಉತ್ತರ (ಕಂಪ್ಯೂಟರ್ ಸರ್ವಿಸ್, ಕಲಬುರಗಿ): ಅಕ್ಕಾರೆ, ಫಾರ್ಮ್ಯಾಟ್ ಮಾಡಿಸಲೇಬೇಡಿ. ಮೊದಲು ವಿಂಡೋಸ್ ಕೀ ಜೊತೆ ಇ ಒತ್ತಿ, ಫೋಲ್ಡರ್ ಒಳಗೆ ಹೋಗಿ ಒಂದು ವರ್ಡ್ ಫೈಲ್ ತೆರೆದು ನೋಡಿ. ಅದು ಸರಿಯಾಗಿ ತೆರೆದರೆ ವರ್ಡ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ.

ಡೆಸ್ಕ್‌ಟಾಪ್ ಮೇಲಿನ ಕ್ರೋಮ್, ವರ್ಡ್ ತರದ ಐಕಾನ್‌ಗಳು ಬರೀ ಶಾರ್ಟ್‌ಕಟ್. ಅವುಗಳ ಹೆಸರಿನ ಕೊನೆಗೆ ಡಾಟ್ ಎಲ್‌ಎನ್‌ಕೆ (.lnk) ಅಂತ ಇರುತ್ತದೆ, ಕಾಣುವುದಿಲ್ಲ ಅಷ್ಟೇ. ಯಾರೋ ಒಂದು ಶಾರ್ಟ್‌ಕಟ್‌ಗೆ 'ಓಪನ್ ವಿತ್' ಕೊಟ್ಟು, 'ಯಾವಾಗಲೂ ಇದರಲ್ಲೇ ತೆರೆ' ಅನ್ನುವುದಕ್ಕೆ ಟಿಕ್ ಹಾಕಿರಬೇಕು. ಅಷ್ಟಕ್ಕೇ ಎಲ್ಲಾ ಶಾರ್ಟ್‌ಕಟ್‌ಗಳೂ ಪಿಡಿಎಫ್ ರೀಡರ್ ಪಾಲಾಗುತ್ತವೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಜ್‌ಎಡಿಟ್ (regedit) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳು ಇರುವುದು ಇಲ್ಲೇ. ಎಡಗಡೆ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಎಕ್ಸ್‌ಪ್ಲೋರರ್, ಫೈಲ್‌ಎಕ್ಸ್ಟ್ಸ್, ಹೀಗೆ ಒಂದೊಂದೇ ತೆರೆಯುತ್ತಾ ಇಳಿಯಿರಿ. ಅಲ್ಲಿ ಡಾಟ್ ಎಲ್‌ಎನ್‌ಕೆ ಸಿಗುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, 'ಎಕ್ಸ್‌ಪೋರ್ಟ್' ಕೊಟ್ಟು ಒಂದು ಕಾಪಿ ಇಟ್ಟುಕೊಳ್ಳಿ. ಆಮೇಲೆ ಅದರೊಳಗಿನ 'ಯೂಸರ್‌ಚಾಯ್ಸ್' ಒಂದನ್ನೇ ಡಿಲೀಟ್ ಮಾಡಿ, ರೀಸ್ಟಾರ್ಟ್ ಕೊಡಿ. ಅಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ, ದಯವಿಟ್ಟು. ಇದನ್ನು ಸರಿಮಾಡುತ್ತೇವೆ ಅನ್ನುವ ಉಚಿತ ಸಾಫ್ಟ್‌ವೇರ್‌ಗಳೂ ಬೇಡ. ನಿಜವಾದ ವೈರಸ್ ಅಂಥದ್ದರಿಂದಲೂ ಬರುತ್ತದೆ.

ಪ್ರಶ್ನೆ (ಆಳಂದ): ಎಲ್ಲಾ ಐಕಾನ್ ವಾಪಸ್ ಬಂದವು ಅಣ್ಣಾರೆ! ಈಗ ಪಹಣಿ ಪಿಡಿಎಫ್ ಒತ್ತಿದರೆ ಎಡ್ಜ್‌ನಲ್ಲಿ ತೆರೆಯುತ್ತಿದೆ. ಅದೂ ಇದರಿಂದಲೇನಾ?

ಉತ್ತರ: ಅಲ್ಲ, ಅದು ಬೇರೆ. ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಓಪನ್ ವಿತ್' ಒಳಗೆ 'ಚೂಸ್ ಅನದರ್ ಆ್ಯಪ್' ಕೊಡಿ. ನಿಮ್ಮ ರೀಡರ್ ಆರಿಸಿ, 'ಯಾವಾಗಲೂ' ಅನ್ನುವುದಕ್ಕೆ ಟಿಕ್ ಹಾಕಿ. ಇಲ್ಲಿ ಆ ಟಿಕ್ ಬೇಕು. ಸೆಂಟರ್‌ನಲ್ಲಿ ಕೆಲಸದ ಹುಡುಗರಿದ್ದರೆ ಅವರಿಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ. ಈ ಸೆಟ್ಟಿಂಗ್ ಒಬ್ಬೊಬ್ಬ ಯೂಸರ್‌ಗೆ ಬೇರೆ ಬೇರೆ ಇರುತ್ತದೆ. ಅವರ ಕಡೆ ತಪ್ಪಿದರೂ ನಿಮ್ಮ ಐಕಾನ್ ಕೆಡುವುದಿಲ್ಲ.