ವೀಣಾಳ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ವೀಣಾ, ನಿನ್ನ ಸಂದೇಶವನ್ನು ಈಗಷ್ಟೇ ನೋಡಿದೆ. ಬೆಳಗಿನಿಂದ ಎಲ್ಲರೂ ಕೈಮುಗಿದ ಚಿತ್ರ ಕಳಿಸಿದ್ದಾರೆ, ಉತ್ತರವನ್ನು ಯಾರೂ ಕೊಟ್ಟಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಉದ್ದವಾದರೂ ಪೂರ್ತಿ ಕೇಳು. ನಿನ್ನ ಕಚೇರಿಯ ಗೆಳತಿ ಖಿನ್ನತೆಗೆ ಚಿಕಿತ್ಸೆ ಪಡೆದು ಮನೆಗೆ ಬಂದಿದ್ದಾಳೆ. ನೀನೂ ಅದೇ ಹಾದಿ ದಾಟಿದವಳೆಂದು ತಿಳಿದು ದಿನವೂ ಫೋನ್ ಮಾಡುತ್ತಾಳೆ. ನಿನ್ನೆ ರಾತ್ರಿ, "ನೀನು ಮಾತ್ರೆ ನಿಲ್ಲಿಸಿಯೂ ಚೆನ್ನಾಗಿದ್ದೀಯಲ್ಲ, ನಾನೂ ನಿಲ್ಲಿಸಲೇ?" ಎಂದು ಕೇಳಿದಳು. ಏನು ಹೇಳುವುದೋ ತಿಳಿಯದೆ ನಿನಗೆ ಕೈಕಾಲು ತಣ್ಣಗಾಯಿತು. ತಣ್ಣಗಾದದ್ದು ಒಳ್ಳೆಯದೇ ಆಯಿತು. ನಿನ್ನ ಕಥೆಯನ್ನು ಧಾರಾಳವಾಗಿ ಹೇಳು ಮಗಳೇ, ಅವಳ ಮಾತ್ರೆಯ ತಂಟೆಗೆ ಮಾತ್ರ ಹೋಗಬೇಡ.

ನನ್ನದು ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ವಿಪರೀತ ಹುರುಪಿನ ಉನ್ಮಾದಕ್ಕೆ ಏರಿ, ಒಮ್ಮೆ ಖಿನ್ನತೆಗೆ ಇಳಿಯುವುದು; ಈ ವಿಷಯ ಮನೆಯವರ ಈ ಗುಂಪಿನಲ್ಲಿ ಯಾರಿಗೂ ಹೊಸದಲ್ಲ. ಆದರೆ ಮಾತ್ರೆ ನಿಂತುಹೋದ ಆ ವರ್ಷದ ಕಥೆ ಚಿಕ್ಕವರಿಗೆ ಗೊತ್ತಿಲ್ಲ. ಆಗ ನನ್ನ ಮಗ ರಘು ಇನ್ನೂ ಶಾಲೆಗೆ ಹೋಗುತ್ತಿದ್ದ. ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಹಿಡಿಸಿತ್ತು, ನಿದ್ದೆ ಹದಕ್ಕೆ ಬಂದಿತ್ತು, ಮನಸ್ಸು ಮಾತ್ರ ಇನ್ನೂ ಮೇಲೇಳಲು ಒದ್ದಾಡುತ್ತಿತ್ತು. ಆ ಹೊತ್ತಿಗೆ ನಿಮ್ಮ ದೊಡ್ಡಪ್ಪನ ಸ್ನೇಹಿತರೊಬ್ಬರು ನೋಡಲು ಬಂದರು. ಅವರೂ ಹಿಂದೆ ಖಿನ್ನತೆಯಿಂದ ನರಳಿ ಎದ್ದವರು. ಬಂದವರು "ಧೈರ್ಯ ತಂದುಕೊಳ್ಳಿ" ಎನ್ನಲಿಲ್ಲ, "ನಿಮಗೇನು ಕಡಿಮೆಯಾಗಿದೆ" ಎಂದೂ ಕೇಳಲಿಲ್ಲ. ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, "ಬೆಳಗಿನ ಹೊತ್ತೇ ಹೆಚ್ಚು ಕಷ್ಟ ಅಲ್ಲವೇ? ಎಚ್ಚರವಾದರೂ ಹಾಸಿಗೆಯಿಂದ ಕಾಲು ಕೆಳಗಿಡಲು ಆಗುವುದಿಲ್ಲ" ಎಂದರು. ನಾನು ಅತ್ತುಬಿಟ್ಟೆ. ಅಷ್ಟು ದಿನಗಳಲ್ಲಿ ನನ್ನ ಬೆಳಗು ಹೇಗಿರುತ್ತದೆಂದು ನಾನು ಹೇಳದೆಯೇ ತಿಳಿದುಕೊಂಡವರು ಅವರೊಬ್ಬರೇ. ನಿನ್ನ ಗೆಳತಿ ದಿನವೂ ನಿನಗೇ ಏಕೆ ಫೋನ್ ಮಾಡುತ್ತಾಳೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಆಮೇಲೆ ಅವರು ಮೇಜಿನ ಮೇಲಿದ್ದ ನನ್ನ ಮಾತ್ರೆಯ ಹಾಳೆಯನ್ನು ಎತ್ತಿಕೊಂಡರು. ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರು, ತಲೆಯಾಡಿಸಿದರು, ಹಾಳೆಯನ್ನು ಎರಡಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. "ನಾನು ಇವನ್ನೆಲ್ಲ ಬಿಟ್ಟ ಮೇಲೇ ಮನುಷ್ಯನಾದದ್ದು. ದಿನವೂ ನಡೆಯಿರಿ, ಉಸಿರಾಟದ ಅಭ್ಯಾಸ ಮಾಡಿ, ಸಾಕು" ಎಂದರು. ನಿಮ್ಮ ದೊಡ್ಡಪ್ಪ ಬಾಗಿಲ ಬಳಿ ನಿಂತು ತಲೆದೂಗುತ್ತಿದ್ದರು. ವೈದ್ಯರು ಹೇಳಿದ ಪ್ರತಿಯೊಂದು ಮಾತನ್ನೂ ಅನುಮಾನಿಸುತ್ತಿದ್ದ ನಾವು ಈ ಮನುಷ್ಯನ ಮಾತನ್ನು ಅನುಮಾನಿಸಲೇ ಇಲ್ಲ. ಏಕೆಂದರೆ ಅವರು ನೋವು ತಿಂದವರು.

ಅವರಿಗೆ ಇದ್ದದ್ದು ಬರಿಯ ಖಿನ್ನತೆ, ನನ್ನದು ಬೈಪೋಲಾರ್. ಅವರ ಮಾತ್ರೆಯೇ ಬೇರೆ, ನನ್ನದೇ ಬೇರೆ. ಅವರ ಔಷಧವನ್ನು ಅವರ ವೈದ್ಯರೇ ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸಿದ್ದರು, ಆ ಮಾತನ್ನು ಅವರು ನಮಗೆ ಹೇಳಲೇ ಇಲ್ಲ. ಲಿಥಿಯಂ ಹಾಗೆ ಆಟವಾಡುವ ವಸ್ತುವಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದದ ರೋಗಿಗಳಿಗೆ ಕೊಟ್ಟು ಅದರ ಗುಣವನ್ನು ವರದಿ ಮಾಡಿದಂದಿನಿಂದ ಇಂದಿನವರೆಗೂ ಅದು ಬಳಕೆಯಲ್ಲಿದೆ. ಆದರೂ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನೊಳಗೆ ಇರಬೇಕೆನ್ನುತ್ತಾರೆ. ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ವಿಷ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೂ ಆ ಅಳತೆ ಏರಬಹುದು. ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಅಪಾಯ ಬಹಳ.

ನನಗೆ ಆದದ್ದೂ ಅದೇ. ಮೊದಲು ಎಲ್ಲರಿಗೂ ಸಂತೋಷ, ನಾನು ಎಷ್ಟು ಚುರುಕಾಗಿದ್ದೇನೆ ಎಂದು. ರಾತ್ರಿಯೆಲ್ಲ ಕಪಾಟಿನ ಬಟ್ಟೆಯನ್ನು ಹೊರಗೆ ಸುರಿದು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಮುಗಿದ ಮೇಲೆ ಮತ್ತೆ ಸುರಿಯುತ್ತಿದ್ದೆ. ನಿದ್ದೆಯಿಲ್ಲ, ದಣಿವೂ ಇಲ್ಲ. ರಘು ನಡುರಾತ್ರಿ ಎದ್ದು ಬಂದು, ಆ ಬಟ್ಟೆಯ ರಾಶಿಯ ಪಕ್ಕದಲ್ಲಿ ಕುಳಿತು ನನ್ನ ಸೆರಗು ಹಿಡಿದುಕೊಂಡಿರುತ್ತಿದ್ದ. ಆಮೇಲೆ ಆಸ್ಪತ್ರೆ, ಅದಾದ ಮೇಲೆ ಮೊದಲಿಗಿಂತ ಆಳವಾದ ಕತ್ತಲು. ಆ ಮನುಷ್ಯ ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಕೆಟ್ಟವರಲ್ಲ, ನನ್ನ ಒಳ್ಳೆಯದನ್ನೇ ಬಯಸಿ ಹೇಳಿದವರು. ಅದಕ್ಕೇ ನನಗೆ ಇಷ್ಟು ಭಯ. ಇನ್ನೊಮ್ಮೆ ಹೇಳುತ್ತೇನೆ ವೀಣಾ: ನಿನ್ನ ಕಥೆ ಹೇಳು, ಅವಳ ಮಾತ್ರೆಯ ತಂಟೆಗೆ ಹೋಗಬೇಡ. ಬಿಡು ಎನ್ನಬೇಡ, ತೆಗೆದುಕೋ ಎಂದು ಪ್ರಮಾಣವನ್ನೂ ಹೇಳಬೇಡ. ನೀನು ನೋವು ತಿಂದವಳಾದ್ದರಿಂದ ನಿನ್ನ ಬಾಯಿಂದ ಬಂದದ್ದು ಅವಳಿಗೆ ವೈದ್ಯರ ಮಾತಿಗಿಂತ ಭಾರವಾಗಿ ತೂಗುತ್ತದೆ.

ಈ ಮಾತು ಬಂತೆಂದು ಹೇಳುತ್ತೇನೆ, ಬಹಳ ದಿನಗಳಿಂದ ಹೊಟ್ಟೆಯಲ್ಲಿದೆ. ನಾನು ಚೇತರಿಸಿಕೊಂಡು ಇಷ್ಟು ಕಾಲವಾದರೂ ನಮ್ಮ ಮನೆಯವರಿಗೆ ನನ್ನ ಕಾಯಿಲೆ ಇನ್ನೂ "ಬೆನ್ನುನೋವು". ಹೊರಗಿನವರು ಕುಳಿತಿರುವಾಗ ನಾನು ಆಸ್ಪತ್ರೆ ಎಂದರೆ ಸಾಕು, ಯಾರಾದರೊಬ್ಬರು ಮಾತು ತಿರುಗಿಸುತ್ತಾರೆ. ಹೆಸರು ಹೇಳುವುದಿಲ್ಲ, ಇಲ್ಲೇ ಇದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ. ಅವರ ಮನೆಯ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಾಗ ರಾತ್ರಿ ಹನ್ನೊಂದಕ್ಕೆ ನನಗೇ ಫೋನ್ ಬಂತು. ನಾನು ಅವನ ಜೊತೆ ಮಾತಾಡಿದೆ, ವಾರಗಟ್ಟಲೆ ಮಾತಾಡಿದೆ. ಹುಡುಗ ಎದ್ದು ಓಡಾಡತೊಡಗಿದ ಮೇಲೆ, "ಈ ವಿಷಯ ಯಾರಿಗೂ ಹೇಳಬೇಡಿ, ನಿಮ್ಮ ಸಹವಾಸ ಎಂದರೆ ಜನ ಏನೆಂದುಕೊಳ್ಳುತ್ತಾರೋ" ಎಂಬ ಮಾತು ಬಂತು. ನನ್ನ ಅನುಭವ ಕತ್ತಲಲ್ಲಿ ಬೇಕು, ಬೆಳಕಿನಲ್ಲಿ ಬೇಡ! ಇದರಿಂದ ನನಗೆ ಆದ ನೋವು ಕಾಯಿಲೆಯ ನೋವಿಗಿಂತ ಕಡಿಮೆಯದಲ್ಲ.

ಇದೇನು ನಾಚಿಕೆಯ ಕೆಲಸವೇ? ಫ್ರಾನ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಮನೋರೋಗಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಪ್ಯುಸ್ಯಾಂ 1790ರ ದಶಕದಲ್ಲೇ ಗುಣಮುಖರಾದವರನ್ನು ಆರೈಕೆಯ ಕೆಲಸಕ್ಕೆ ಆರಿಸಿಕೊಳ್ಳುತ್ತಿದ್ದರು, ಅವರು ರೋಗಿಗಳನ್ನು ಹೊಡೆಯುವುದಿಲ್ಲ, ಮೃದುವಾಗಿ ನಡೆಸಿಕೊಳ್ಳುತ್ತಾರೆ ಎಂದು. 1797ರಲ್ಲಿ ಅಲ್ಲಿನ ರೋಗಿಗಳ ಸರಪಳಿ ಬಿಚ್ಚಿಸಿದವರೂ ಪ್ಯುಸ್ಯಾಂ ಅವರೇ. ಅಮೆರಿಕದಲ್ಲಿ ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ನಡೆಸುವ ಸಂಸ್ಥೆ 2007ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಕಾಯಿಲೆ ದಾಟಿದ ಅನುಭವಸ್ಥರು ಕೊಡುವ ಬೆಂಬಲವನ್ನು ಆಧಾರವಿರುವ ಸೇವೆಯೆಂದು ಒಪ್ಪಿತು. ತರಬೇತಿ ಇರಬೇಕು, ಮೇಲೆ ಒಬ್ಬರು ಗಮನಿಸುವವರಿರಬೇಕು ಎಂಬ ಷರತ್ತನ್ನೂ ಹಾಕಿತು. ಲೋಕ ಇಷ್ಟು ದೂರ ಬಂದಿದೆ, ನಾವು ಇನ್ನೂ ಬೆನ್ನುನೋವಿನಲ್ಲೇ ಇದ್ದೇವೆ.

ಅಯ್ಯೋ, ನೀನು ಕೇಳಿದ್ದು ಅದಲ್ಲ. ನಾಳೆ ಫೋನಿನಲ್ಲಿ ಏನು ಹೇಳಲಿ ಎಂದು ಕೇಳಿದೆ. "ನನ್ನದನ್ನು ನನ್ನ ವೈದ್ಯರು ಹಂತಹಂತವಾಗಿ ಇಳಿಸಿದರು, ನಿನ್ನದರ ಬಗ್ಗೆ ನನಗೆ ಗೊತ್ತಿಲ್ಲ, ನಿನ್ನ ವೈದ್ಯರನ್ನೇ ಕೇಳೋಣ, ಬೇಕಾದರೆ ಜೊತೆಗೆ ಬರುತ್ತೇನೆ" ಎಂದು ಹೇಳು. ಮಾತ್ರೆಯಿಂದ ಏನು ತೊಂದರೆಯಾಗುತ್ತಿದೆ ಎಂದು ಕೇಳು, ಅದನ್ನು ಒಂದು ಚೀಟಿಯಲ್ಲಿ ಅವಳ ಕೈಯಿಂದಲೇ ಬರೆಸು. ಬಿಡಬೇಕು ಎನ್ನುವವರಿಗೆ ಬಹಳ ಸಲ ತೂಕ, ನಿದ್ದೆ, ದಾಂಪತ್ಯ ಇಂಥದೇನೋ ಬಾಧೆ ಇರುತ್ತದೆ, ವೈದ್ಯರ ಮುಂದೆ ಬಾಯಿ ಬರುವುದಿಲ್ಲ. ನಿನ್ನ ಕಥೆ ಹೇಳುವ ಮುನ್ನ, "ಈಗ ನಾನು ಕೇಳಿಸಿಕೊಂಡರೆ ಸಾಕೇ, ನನ್ನದನ್ನೂ ಹೇಳಲೇ?" ಎಂದು ಕೇಳು. ಹೇಳಿದರೆ ಸ್ವಲ್ಪವೇ ಹೇಳು, ಮಾತು ಮತ್ತೆ ಅವಳ ಕಡೆಗೇ ತಿರುಗಲಿ. ನಿನ್ನ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವುದನ್ನು ತೆಗೆಯಬೇಡ, ಅದು ನಿನ್ನ ಆಪ್ತಸಮಾಲೋಚಕಿಯ ಮುಂದೆ ಇರಲಿ.

ದಿನವೂ ಫೋನ್ ಬೇಡ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು ಎಂದು ಇಬ್ಬರೂ ಕೂಡಿ ಗೊತ್ತುಮಾಡಿಕೊಳ್ಳಿ. ಅವಳ ಮಾತು ಕೇಳಿದ ರಾತ್ರಿ ನಿನಗೆ ನಿದ್ದೆ ಬಾರದಿದ್ದರೆ ನನಗೆ ಹೇಳು, ಮುಚ್ಚಿಡಬೇಡ. ಅನುಭವವಿದ್ದವರಿಗೂ ಒರಗಲು ಒಬ್ಬರು ಬೇಕು.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡಬೇಡ, ಮೊದಲೇ ಅವಳಿಗೆ ತಿಳಿಸಿಬಿಡು. ಬದುಕು ಬೇಡವೆನ್ನುವಂಥ ಮಾತು ಕೇಳಿಬಂದರೆ, "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಜನರಿಗೆ ಕೇಳಿದ್ದೇ ಸಮಾಧಾನ. ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡ, ಅವಳ ಮನೆಯವರಿಗೂ ವೈದ್ಯರಿಗೂ ಆ ಕ್ಷಣವೇ ತಿಳಿಸು, ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗು. ಅವಳ ಅಕ್ಕ ಇದ್ದಾಳೆ ಎಂದೆಯಲ್ಲ, ಅವಳ ನಂಬರನ್ನು ಗೆಳತಿಯ ಒಪ್ಪಿಗೆ ಪಡೆದು ನಾಳೆಯೇ ಬರೆದಿಟ್ಟುಕೋ. ವೈದ್ಯರ ಭೇಟಿಗೆ ದಿನ ಗೊತ್ತಾದ ಮೇಲೆ ನನಗೊಂದು ಸಂದೇಶ ಹಾಕು. ಗುಂಪಿನಲ್ಲಿ ಬೇಡ, ಅವಳ ವಿಷಯ ಅವಳದು. ನನಗೆ ಬೇರೆಯಾಗಿ ಕಳಿಸು.