ಟೆಕ್ನಾಲಜಿ ಅಸೆಸ್‌ಮೆಂಟ್‌ಗೆ ‘ಮೌಲ್ಯಮಾಪನ’ ಒಪ್ಪುತ್ತದೆಯೇ?

ಗೆಳೆಯರೇ,

ಕಂಪ್ಯೂಟರ್, ಇಂಟರ್‌ನೆಟ್, ಎಐ ತರಹದ ಹೊಸ ತಂತ್ರಜ್ಞಾನಗಳನ್ನು ಯುರೋಪಿನ ಸಂಸತ್ತುಗಳು ಹೇಗೆ ಅಳೆದು ನೋಡುತ್ತವೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಅಲ್ಲಿ ಈ ಕೆಲಸಕ್ಕೆ ಟೆಕ್ನಾಲಜಿ ಅಸೆಸ್‌ಮೆಂಟ್ ಅಂತ ಹೆಸರು. ಕನ್ನಡದಲ್ಲಿ ಏನನ್ನೋಣ?

‘ತಂತ್ರಜ್ಞಾನ ಮೌಲ್ಯಮಾಪನ’ ಅಂತ ಬರೆದುಬಿಡಬಹುದು. ಆದರೆ ಮೌಲ್ಯಮಾಪನ ಅಂದ ಕೂಡಲೇ ನಮಗೆ ನೆನಪಾಗುವುದು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ, ಅಲ್ವಾ? ಅಂಕ ಹಾಕಬೇಕು, ಪಾಸೋ ಫೇಲೋ ಹೇಳಬೇಕು. ಇವರು ಅದನ್ನು ಮಾಡುವುದೇ ಇಲ್ಲ. ಬ್ರಿಟನ್ನಿನ ಸಂಸತ್ತಿಗಾಗಿ 1989ರಲ್ಲಿ ಶುರುವಾದ ‘ಪೋಸ್ಟ್’ ಅನ್ನುವ ಸಣ್ಣ ಕಚೇರಿಯನ್ನೇ ನೋಡಿ. ಸದಸ್ಯರು ಓದಲಿ ಅಂತ ನಾಲ್ಕು ಪುಟದ ಟಿಪ್ಪಣಿ ಬರೆದುಕೊಡುವುದು ಅದರ ಹೆಸರಾದ ಕೆಲಸ. ಇಷ್ಟು ಗೊತ್ತಿದೆ, ಇಷ್ಟರ ಬಗ್ಗೆ ತಜ್ಞರಲ್ಲೇ ತಕರಾರಿದೆ ಅನ್ನುತ್ತಾರೆ. ಹೀಗೇ ಮಾಡಿ ಅಂತ ಶಿಫಾರಸು ಮಾಡುವುದಿಲ್ಲ.

ಜರ್ಮನ್ನರ ಪದ ‘ಟೆಕ್ನಿಕ್‌ಫೋಲ್ಗೆನ್‌ಆಬ್‌ಶೆಟ್ಸುಂಗ್’. ನಾಲಿಗೆ ಹೊರಳುವುದು ಕಷ್ಟ. ಬಿಡಿಸಿದರೆ ಮಾತ್ರ ಸಲೀಸು: ತಂತ್ರಜ್ಞಾನದಿಂದ ಆಗುವ ಪರಿಣಾಮಗಳ ಅಂದಾಜು. ಅವರ ಸಂಸತ್ತು ಬುಂಡೆಸ್ಟಾಗ್‌ಗೆ 1990ರಿಂದ ಇದೇ ಹೆಸರಿನ ಕಚೇರಿ ಇದೆ, ಚಿಕ್ಕದಾಗಿ ‘ಟಾಬ್’. 2011ರಲ್ಲಿ ಹೊರಬಂದ ಅದರ ಒಂದು ವರದಿಯ ಪ್ರಶ್ನೆ, ದೇಶದ ದೊಡ್ಡ ಭಾಗದಲ್ಲಿ ದಿನಗಟ್ಟಲೆ ಕರೆಂಟ್ ಹೋದರೆ ಏನೇನಾಗುತ್ತದೆ ಅಂತ. ಮೊದಲು ಕೈಕೊಡುವವುಗಳಲ್ಲಿ ಫೋನು ಒಂದು. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇದ್ದರೇನು, ಮನೆಯ ಡಿಜಿಟಲ್ ಫೋನಿಗೇ ಕರೆಂಟ್ ಇರುವುದಿಲ್ಲ. ಎಲ್ಲರೂ ಒಟ್ಟಿಗೆ ಕರೆ ಮಾಡಿ ಮೊಬೈಲ್ ಲೈನು ಸಿಗುವುದಿಲ್ಲ. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಖಾಲಿ. ಆಮೇಲೆ ಎಟಿಎಂ, ಪೆಟ್ರೋಲ್ ಬಂಕು, ನಲ್ಲಿ ನೀರು. ಇದರಲ್ಲಿ ಅಂಕ ಹಾಕುವುದೇನಿದೆ ಹೇಳಿ!

ನಮ್ಮ ಸರ್ಕಾರಿ ಆದೇಶಗಳಲ್ಲಿ ಒಂದು ಪದ ಸದಾ ಓಡಾಡುತ್ತದೆ: ‘ಸಾಧಕ-ಬಾಧಕ’. ಸಾಧಕ-ಬಾಧಕ ಪರಿಶೀಲಿಸಿ ವರದಿ ಕೊಡಲು ಸಮಿತಿ ಮಾಡಿದೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ‘ತಂತ್ರಜ್ಞಾನದ ಸಾಧಕ-ಬಾಧಕ ಪರಿಶೀಲನೆ’ ಅನ್ನೋಣ ಅಂದುಕೊಂಡರೆ ಇಲ್ಲೂ ಒಂದು ತೊಡಕು. ಯುರೋಪಿಯನ್ ಪಾರ್ಲಿಮೆಂಟಿಗೂ ಇದೇ ಕೆಲಸಕ್ಕೆ ‘ಸ್ಟೋವಾ’ ಅಂತ ಒಂದಿದೆ, 1987ರಲ್ಲಿ ಶುರುವಾದದ್ದು. ಅದರ ಮೊದಲಿನ ಪೂರ್ತಿ ಹೆಸರಿನಲ್ಲೇ ಆಯ್ಕೆಗಳು ಅನ್ನುವ ಮಾತಿತ್ತು. ಅಂದರೆ ಮುಂದಿರುವ ದಾರಿಗಳು, ಎರಡೇ ಇರಬೇಕೆಂದಿಲ್ಲ. ಇನ್ನು 1998ರಲ್ಲಿ ಸ್ಟೋವಾಕ್ಕಾಗಿ ಬರೆದ ಒಂದು ವರದಿ, ಫೋನು, ಫ್ಯಾಕ್ಸು, ಇಮೇಲ್ ಕದ್ದು ಕೇಳುವ ‘ಎಷೆಲಾನ್’ ಜಾಲದ ಮಾತೆತ್ತಿತು. ಗದ್ದಲವೆದ್ದು 2000ರಲ್ಲಿ ಪಾರ್ಲಿಮೆಂಟು ಅದಕ್ಕೆಂದೇ ತಾತ್ಕಾಲಿಕ ಸಮಿತಿ ಮಾಡಬೇಕಾಯಿತು. ಅದು ಸಾಧಕ-ಬಾಧಕ ತೂಗಿದ್ದಲ್ಲ, ಮುಚ್ಚಿಟ್ಟಿದ್ದನ್ನು ಮೇಜಿನ ಮೇಲಿಟ್ಟಿದ್ದು.

ಹಾಗಾಗಿ ನನ್ನ ಮನಸ್ಸು ‘ಪರಿಣಾಮದ ಅಂದಾಜು’ ಕಡೆಗೇ ಜಾಸ್ತಿ ವಾಲುತ್ತಿದೆ. ಅಂದಾಜು ಅಂದರೆ ಸುಮ್ನೆ ಊಹೆ ಅನ್ನಿಸಬಹುದು ಅಂತ ಒಬ್ಬ ಸ್ನೇಹಿತರು ಹೇಳಿದರು. ನನಗೇನೂ ಹಾಗೆ ಅನ್ನಿಸುವುದಿಲ್ಲ. ಮನೆ ಕಟ್ಟಿಸುವವರು ಎಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಕೇಳುವುದಿಲ್ಲವೇ? ‘ಆಗುಹೋಗು’ ಇನ್ನೂ ಇಷ್ಟ, ಆದರೆ ಅದು ಆದ ಮೇಲಿನ ಮಾತಾಯಿತು. ಇಲ್ಲಿ ಬೇಕಿರುವುದು ಆಗುವ ಮುಂಚಿನದು.

ಇನ್ನೊಂದು ಚಿಕ್ಕ ಪ್ರಶ್ನೆ. ಡೆನ್ಮಾರ್ಕಿನ ಟೆಕ್ನಾಲಜಿ ಮಂಡಳಿ 1980ರ ದಶಕದಲ್ಲಿ ಒಂದು ಪದ್ಧತಿ ತಂದಿತು. ಆ ವಿಷಯದ ತಜ್ಞರಲ್ಲದ ಹತ್ತು-ಹದಿನೈದು ಜನರನ್ನು ಆರಿಸಿ ಕೂರಿಸುವುದು. ಅವರು ತಜ್ಞರನ್ನು ಎಲ್ಲರೆದುರು ಪ್ರಶ್ನೆ ಕೇಳುತ್ತಾರೆ, ಕೊನೆಗೆ ತಾವೇ ಕೂತು ಒಮ್ಮತದ ವರದಿ ಬರೆಯುತ್ತಾರೆ. ಈ ಗುಂಪಿಗೆ ‘ಪಂಚಾಯ್ತಿ’ ಅಂದರೆ ತೀರ್ಪಿನ ವಾಸನೆ ಬರುತ್ತದೆ, ‘ಜನಸಾಮಾನ್ಯರ ಮಂಡಳಿ’ ಸರ್ಕಾರಿ ಬೋರ್ಡಿನಂತೆ ಕೇಳಿಸುತ್ತದೆ. ‘ನಾಗರಿಕರ ಕೂಟ’ ಹೇಗೆ? ಇದಕ್ಕಿಂತ ಹಗುರವಾದ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.